ಅದ್ಭುತ ಕಥೆಗಳೂ ವೈಜ್ಞಾನಿಕ ದೃಷ್ಟಿಯೂ

ನಂಜನಗೂಡಿನ ಕಡೆಯ ಒಂದು ಪ್ರೌಢಶಾಲೆಯವರು ತಮ್ಮ ಗ್ರಂಥಭಂಡಾರಕ್ಕೆ ತರಿಸಬೇಕೆಂದಿದ್ದ ಪುಸ್ತಕಗಳ ಪಟ್ಟಿಯೊಂದನ್ನು ಕೆಲವು ಕಾಲದ ಹಿಂದೆ ನಮಗೆ ಕಳುಹಿಸಿ, ಭೌತವಿಜ್ಞಾನವನ್ನು ಬೋಧಿಸುವವರಾದ ನಾವು ಅದನ್ನೊಮ್ಮೆ ನೋಡಿಕೊಡಬೇಕೆಂದು ಕೇಳಿದ್ದರು. ಪಟ್ಟಿಯಲ್ಲಿ ಗ್ರಹನಕ್ಷತ್ರಗಳನ್ನು ಕುರಿತ ಪುಸ್ತಕಗಳಿದ್ದುವು, ವಿಜ್ಞಾನಿಗಳ ಜೀವನಚರಿತ್ರೆಗಳಿದ್ದುವು. ಅವುಗಳೊಡನೆ ಮಾಟಗಾರರ, ರಾಕ್ಷಸರ, ಹಾರುವ ಕುದುರೆಗಳ ಕಥೆಗಳೂ, ಸಂಪುಟದ ಮೇಲೆ ಸಂಪುಟವಾಗಿ ಬೆಳೆದ ಅದ್ಭುತ ಕಾದಂಬರಿಗಳೂ ಇದ್ದುವು. ನಾವು ಹೆಚ್ಚು ಆಲೋಚಿಸದೆ ಈ ಎರಡನೆಯ ಬಗೆಯವನ್ನೆಲ್ಲ ಕೆಂಪು ಶಾಯಿಯಿಂದ ಹೊಡೆದುಹಾಕಿ, ‘ವೈಜ್ಞಾನಿಕ ದೃಷ್ಟಿಗೆ ಬಾಧಕ’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆವು. ಕೆಲವು ದಿನಗಳ ಮೇಲೆ ಆ ಶಾಲೆಯ ಕನ್ನಡ ಅಧ್ಯಾಪಕರು ಭೇಟಿಯಾಗಿ ಬಹು ವಿನಯದಿಂದ ಒಂದು ಮಾತನ್ನು ಕೇಳಿದರು: “ಸಾರ್, ನಮ್ಮ ದೇವನೂರಿನವರೇ ಬರೆದ ‘ಕುಸುಮಬಾಲೆ’ಯಲ್ಲಿ ದೀಪಗಳು ಮಾತನಾಡುತ್ತವೆ. ಅದನ್ನೂ ಹೊಡೆದುಬಿಡಬೇಕೋ?” ಆಗ ನಮಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೇ ಈ ಲೇಖನ.

ಅದ್ಭುತ ಕಥೆಗಳ ಮೇಲಿನ ಆಕ್ಷೇಪಣೆಯೇನೂ ಹುರುಳಿಲ್ಲದ್ದಲ್ಲ. ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದನ್ನು ಕಲಿಸುವುದು ವಿಜ್ಞಾನ. ಮಂತ್ರದಂಡವನ್ನು ಬೀಸಿದೊಡನೆ ಮೇಜು ಮೇಲೇಳುವುದೆಂದು ಹೇಳುವುದು ಇಂತಹ ಕಥೆ. ಎಳೆಯ ಮನಸ್ಸು ಎರಡನ್ನೂ ಒಟ್ಟಿಗೆ ಉಂಡರೆ ಯಾವುದನ್ನು ಜೀರ್ಣಿಸಿಕೊಂಡೀತು, ಯಾವುದನ್ನು ಕಕ್ಕೀತು? ಭಾರತದ ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಾರಿರುವಾಗ, ಶಾಲೆಯ ಹಣದಿಂದ ಮಾಟಗಾರರ ಕಥೆಗಳನ್ನು ಕೊಳ್ಳುವುದು ಸರಿಯೆ? ನಮ್ಮ ಕೆಂಪು ಶಾಯಿಯ ಹಿಂದೆ ಇದ್ದ ತರ್ಕ ಇದೇ. ಇದರಲ್ಲಿ ತಪ್ಪೆಲ್ಲಿದೆ ಎಂಬುದನ್ನು ನೋಡುವುದಕ್ಕೆ ದೇವನೂರಿನ ದೀಪದಿಂದಲೇ ಆರಂಭಿಸುವುದು ಒಳಿತು.

ದೇವನೂರು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಶ್ರೀ ದೇವನೂರ ಮಹಾದೇವರು ಹುಟ್ಟಿದ್ದು ಅಲ್ಲಿ. ಅವರ ‘ಕುಸುಮಬಾಲೆ’ ಪ್ರಕಟವಾದದ್ದು 1984ರಲ್ಲಿ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1990ರಲ್ಲಿ. ಜಾತಿಯ ಕ್ರೌರ್ಯವನ್ನು ಕುರಿತ ಈ ಕಾದಂಬರಿಯಲ್ಲಿ ಮನೆಮನೆಯ ದೀಪದ ಜ್ಯೋತಿಗಳು, ಲೇಖಕರ ಸೀಮೆಯ ನುಡಿಯಲ್ಲಿ ‘ಜೋತಮ್ಮ’ಗಳು, ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಗಳಲ್ಲಿ ಕಂಡದ್ದನ್ನು ಹೇಳಿಕೊಳ್ಳುತ್ತವೆ. ಇದು ಒಬ್ಬ ಲೇಖಕರ ಹೊಸ ಕಲ್ಪನೆ ಮಾತ್ರವೇ ಅಲ್ಲ. ಮೈಸೂರಿನಲ್ಲಿ ಹುಟ್ಟಿದ ವಿದ್ವಾಂಸ ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿ ಲೋಕಕ್ಕೆ ತಿಳಿಯಪಡಿಸಿದ ಒಂದು ಕನ್ನಡ ಜನಪದ ಕಥೆಯಲ್ಲಿಯೂ ಊರಿನ ದೀಪಗಳೆಲ್ಲ ಆರಿದ ಮೇಲೆ ಹನುಮಂತನ ಗುಡಿಯಲ್ಲಿ ಕೂಡುತ್ತವೆ. ತನಗೆ ಗೊತ್ತಿದ್ದ ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಹೆಂಗಸಿನ ಮನೆಯಲ್ಲಿ ಏನು ರಂಪವಾಯಿತೆಂಬುದನ್ನು ಆ ಮನೆಯ ಜ್ಯೋತಿಯೇ ಅಲ್ಲಿ ಬಯಲುಮಾಡುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ (1988) ಪಾಳುಗುಡಿಯೊಂದರಲ್ಲಿ ಕಲೆಯುವ ಜ್ಯೋತಿಗಳು ಬಂದದ್ದೂ ಈ ಮೂಲದಿಂದಲೇ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಕುಳಿತು ಕಥೆ ಹೇಳುತ್ತಿದ್ದ ನಾಡು, ಆ ಬುಡ್ಡಿಗೇ ಒಂದು ಕಥೆಯನ್ನು ಕಟ್ಟಿತು.

ಈಗ ಇದೇ ದೀಪದ ಮುಂದೆ ವಿಜ್ಞಾನಿಯೊಬ್ಬನನ್ನು ಕೂಡಿಸೋಣ. ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಹಾಶಯನು ಕ್ರಿಸ್ಮಸ್ ಹಬ್ಬದ ಕಾಲದಲ್ಲಿ ಎಳೆಯರಿಗಾಗಿ ಉಪನ್ಯಾಸಗಳನ್ನು ಕೊಡುತ್ತಿದ್ದನು. ಮೇಣದಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡು ಅವನು ಕೊಟ್ಟ ಆರು ಉಪನ್ಯಾಸಗಳು 1861ರಲ್ಲಿ ಪುಸ್ತಕವಾದುವು. ಕರಗಿದ ಮೇಣವು ಬತ್ತಿಯ ಎಳೆಗಳ ಸಂದಿನಲ್ಲಿ ತಾನಾಗಿ ಮೇಲೇರುತ್ತದೆ, ಕಾದು ಆವಿಯಾಗುತ್ತದೆ, ಉರಿಯುವುದು ಆ ಆವಿಯೇ ಹೊರತು ಬತ್ತಿಯಲ್ಲ. ಹಳದಿಯ ಬೆಳಕನ್ನು ಕೊಡುವುದು ಜ್ವಾಲೆಯೊಳಗೆ ಕಾದು ಹೊಳೆಯುವ ಮಸಿಯ ಕಣಗಳು. ಬಿಸಿಯಾದ ಅನಿಲವು ಹಗುರವಾಗಿ ಮೇಲೆದ್ದು, ತಂಪಾದ ಗಾಳಿ ಕೆಳಗಿನಿಂದ ನುಗ್ಗುವುದರಿಂದ ಜ್ವಾಲೆಗೆ ನಾಲಗೆಯ ಆಕಾರ ಬರುತ್ತದೆ. ಭೂಮಿಯನ್ನು ಸುತ್ತುವ ಆಕಾಶನೌಕೆಯೊಳಗೆ ಹಗುರ ಭಾರಗಳ ಈ ಏರಿಳಿತವಿಲ್ಲವಾದುದರಿಂದ ಅಲ್ಲಿ ಹೊತ್ತಿಸಿದ ಬತ್ತಿಯ ಜ್ವಾಲೆ ನಾಲಗೆಯಂತಿರದೆ ದುಂಡಗೆ, ನಸುನೀಲಿಯಾಗಿ ಇರುವುದನ್ನು 1990ರ ದಶಕದ ಪ್ರಯೋಗಗಳು ತೋರಿಸಿದುವು.

ಫ್ಯಾರಡೆಯು ಮಾಡಿ ತೋರಿಸಿದ ಒಂದು ಸಣ್ಣ ಪ್ರಯೋಗವನ್ನು ವಾಚಕರು ಮನೆಯಲ್ಲಿಯೇ ಎಚ್ಚರಿಕೆಯಿಂದ ಮಾಡಬಹುದು. ಚೆನ್ನಾಗಿ ಉರಿಯುತ್ತಿರುವ ಮೇಣದಬತ್ತಿಯನ್ನು ಮೆಲ್ಲನೆ ಊದಿ ಆರಿಸಿ, ಏಳುವ ಬಿಳಿಯ ಹೊಗೆಗೆ ಒಂದೆರಡು ಅಂಗುಲದ ಮೇಲೆ ಉರಿಯುವ ಕಡ್ಡಿಯನ್ನು ಹಿಡಿದರೆ, ಜ್ವಾಲೆಯು ಹೊಗೆಯ ದಾರಿಯನ್ನೇ ಹಿಡಿದು ಸರಕ್ಕನೆ ಬತ್ತಿಗೆ ಮರಳುತ್ತದೆ. ಆ ‘ಹೊಗೆ’ ಇನ್ನೂ ಉರಿಯದ ಮೇಣದ ಆವಿಯೆಂಬುದಕ್ಕೆ ಇದೇ ಸಾಕ್ಷಿ. ನಮ್ಮ ತರಗತಿಯಲ್ಲಿ ಇದನ್ನು ತೋರಿಸಿದಾಗ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು, “ಜೋತಮ್ಮ ಮನೆಗೆ ಬಂದಳು” ಎಂದಳು. ತರಗತಿ ನಕ್ಕಿತು. ಆದರೆ ಆವಿಯ ವಿವರಣೆಯನ್ನು ಪರೀಕ್ಷೆಯಲ್ಲಿ ಲೋಪವಿಲ್ಲದೆ ಬರೆದವರಲ್ಲಿ ಅವಳೂ ಒಬ್ಬಳು. ಕಥೆಯು ಅವಳ ತಿಳಿವಳಿಕೆಗೆ ಅಡ್ಡಬರಲಿಲ್ಲ. ಈ ದೀಪ ಏನನ್ನು ಕಂಡಿರಬಹುದು ಎಂದು ಕಥೆ ಕೇಳುತ್ತದೆ. ಈ ದೀಪ ಏತರಿಂದ ಆದದ್ದು ಎಂದು ವಿಜ್ಞಾನ ಕೇಳುತ್ತದೆ. ಎರಡು ಪ್ರಶ್ನೆಗಳಿಗೂ ಮೊದಲು ಬೇಕಾದದ್ದು ದೀಪದ ಕಡೆಗೆ ಕಣ್ಣೆತ್ತಿ ನೋಡುವ ಅಭ್ಯಾಸ. ಅದನ್ನು ನೋಡದವನಿಗೆ ಕಥೆಯೂ ಇಲ್ಲ, ರಸಾಯನಶಾಸ್ತ್ರವೂ ಇಲ್ಲ.

ಅದ್ಭುತ ಕಥೆಯಲ್ಲಿ ನಿಯಮವೇ ಇಲ್ಲವೆಂಬುದು ಮತ್ತೊಂದು ತಪ್ಪು ಕಲ್ಪನೆ. ಒಳ್ಳೆಯ ಅದ್ಭುತ ಕಥೆಯು ಮೊದಲಿಗೆ ಒಂದು ಅಸಾಧ್ಯವನ್ನು ಒಪ್ಪಿಕೊಳ್ಳಿರೆಂದು ಕೇಳುತ್ತದೆ; ಆಮೇಲಿನದೆಲ್ಲ ಅದಕ್ಕೆ ತಕ್ಕಂತೆ ನಡೆಯಬೇಕು. ‘ಇದು ಹೀಗಿದೆಯೆಂದು ಇಟ್ಟುಕೊಳ್ಳೋಣ’ ಎಂದು ಆರಂಭಿಸಿ, ಅದರ ಪರಿಣಾಮಗಳನ್ನು ಒಂದೊಂದಾಗಿ ಬಿಡಿಸುವುದು ನಮ್ಮ ಶಾಸ್ತ್ರದಲ್ಲಿಯೂ ಪ್ರತಿದಿನದ ಕೆಲಸವಲ್ಲವೆ? ಘರ್ಷಣೆಯೇ ಇಲ್ಲದ ಇಳಿಜಾರನ್ನು ಯಾರು ಕಂಡಿದ್ದಾರೆ? ತೂಕವಿಲ್ಲದ ದಾರವನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ? ಆದರೂ ಅವುಗಳಿಲ್ಲದೆ ಭೌತವಿಜ್ಞಾನದ ಮೊದಲನೆಯ ಪಾಠ ನಡೆಯದು.

ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ದೊಡ್ಡವರಿಗಾಗಿ ಬರೆದ ಅದ್ಭುತ ಕಾದಂಬರಿಗಳಲ್ಲಿ ಹೆಸರಾದದ್ದು. ಬರೆಯುತ್ತಿರುವಾಗ ಅವನಿಗೊಂದು ತೊಡಕು ಕಾಣಿಸಿತು: ಬೇರೆ ಬೇರೆ ಕಡೆ ಅಲೆಯುತ್ತಿದ್ದ ಪಾತ್ರಗಳು ಒಂದೇ ದಿನ ಕಾಣುವ ಚಂದ್ರನು ಒಂದು ಕಡೆ ಏಳುತ್ತಿರುವಾಗಲೇ ಇನ್ನೊಂದು ಕಡೆ ಮುಳುಗುತ್ತಿದ್ದನು. ಇಲ್ಲದ ಲೋಕದ ಚಂದ್ರ, ಹೇಗಿದ್ದರೇನು ಎಂದು ಅವನು ಬಿಡಲಿಲ್ಲ. ಕಥೆಯ ದಿನಗಳನ್ನೇ ತಿದ್ದಿ ಸರಿಹೊಂದಿಸಿದನು. ಇದು ಸುಳ್ಳುಗಾರನ ರೀತಿಯಲ್ಲ, ಪಂಚಾಂಗದವನ ರೀತಿ.

ಕಥೆಯು ತಪ್ಪುಮಾಡಿದಾಗಲೂ ನಮಗೆ ಲಾಭವುಂಟು. ಸ್ವಿಫ್ಟನ 1726ರ ‘ಗಲಿವರನ ಪ್ರವಾಸಗಳು’ ಕೃತಿಯಲ್ಲಿ ಗಲಿವರನು ಲಿಲಿಪುಟ್ಟಿನವರಿಗಿಂತ 12 ಪಟ್ಟು ಎತ್ತರ. ಆದುದರಿಂದ ಅವನ ದೇಹದ ಗಾತ್ರವು 12ರ ಘನ, ಎಂದರೆ ಸುಮಾರು 1,700 ಪಟ್ಟಿಗೂ ಮೇಲೆಂದು ಅಲ್ಲಿನ ಗಣಿತಜ್ಞರು ಲೆಕ್ಕಹಾಕಿ, ಅಷ್ಟು ಮಂದಿಯ ಆಹಾರವನ್ನು ಅವನಿಗೆ ಗೊತ್ತುಮಾಡುತ್ತಾರೆ. ಗಣಿತ ಸರಿ, ಜೀವಶಾಸ್ತ್ರ ತಪ್ಪು. ಪ್ರಾಣಿಯ ತೂಕ 16 ಪಟ್ಟಾದರೆ ಅದರ ಆಹಾರದ ಅಗತ್ಯ ಸುಮಾರು 8 ಪಟ್ಟು ಮಾತ್ರವೇ ಏರುವುದೆಂದು 1932ರಲ್ಲಿ ಕ್ಲೈಬರ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಆ ನಿಯಮದಂತೆ ನೋಡಿದರೆ ಗಲಿವರನಿಗೆ ಸುಮಾರು 270 ಮಂದಿಯ ಊಟ ಸಾಕು! ಹಾಗೆಯೇ ಚಾಮುಂಡಿ ಬೆಟ್ಟದ ಮೇಲೆ ಕತ್ತಿ ಹಿಡಿದು ನಿಂತ ಮಹಿಷಾಸುರನ ವಿಗ್ರಹವನ್ನು ಕಂಡು ಬಂದ ಬಾಲಕನನ್ನು ಕೇಳಿ ನೋಡಿ: ನಮಗಿಂತ 10 ಪಟ್ಟು ಎತ್ತರದ ರಾಕ್ಷಸನು ನಿಜವಾಗಿ ಇದ್ದರೆ ನಡೆಯಬಲ್ಲನೆ? ಅವನ ತೂಕ 1,000 ಪಟ್ಟು. ಅದನ್ನು ಹೊರುವ ಕಾಲಿನ ಮೂಳೆಯ ಅಡ್ಡಳತೆಯ ವಿಸ್ತೀರ್ಣ 100 ಪಟ್ಟು ಮಾತ್ರ. ಮೂಳೆಯ ಪ್ರತಿಯೊಂದು ಚದರ ಅಂಗುಲದ ಮೇಲೆ ಹತ್ತರಷ್ಟು ಭಾರ ಬಿದ್ದು ಅವನು ಎರಡು ಹೆಜ್ಜೆ ಇಡುವುದೂ ಕಷ್ಟವಾದೀತು. ಗೆಲಿಲಿಯೋ 1638ರಲ್ಲಿ ವಿವರಿಸಿದ ಈ ತತ್ತ್ವವನ್ನು ಪಠ್ಯಪುಸ್ತಕದ ಮರದ ದಿಮ್ಮಿಯಿಂದ ಕಲಿತ ಹುಡುಗ ಮರೆತಾನು. ರಾಕ್ಷಸನಿಂದ ಕಲಿತವನು ಮರೆಯಲಾರ. ಹಿಂದೆ ಮನೆಮನೆಗೂ ಬರುತ್ತಿದ್ದ, ಈಗ ನಿಂತುಹೋಗಿರುವ ‘ಚಂದಮಾಮ’ದಲ್ಲಿ ಬೇತಾಳನು ಕಥೆಯ ಕೊನೆಗೆ ವಿಕ್ರಮನಿಗೆ ಒಂದು ಪ್ರಶ್ನೆಯನ್ನು ಹಾಕುತ್ತಿದ್ದನಷ್ಟೆ. ಅಧ್ಯಾಪಕರಾದ ನಾವು ಮಾಡಬೇಕಾದದ್ದೂ ಬೇತಾಳನ ಕೆಲಸವೇ.

ಹಾಗಾದರೆ ಅಪಾಯವಿಲ್ಲವೆ? ಉಂಟು, ಆದರೆ ನಾವು ಕೆಂಪು ಶಾಯಿಯಿಂದ ಗುರುತಿಸಿದ ಜಾಗದಲ್ಲಿ ಅಲ್ಲ. ಇದಕ್ಕೆ ವಿಜ್ಞಾನದ ಚರಿತ್ರೆಯಲ್ಲಿಯೇ ಒಂದು ನೋವಿನ ನಿದರ್ಶನವಿದೆ. ಗ್ರಹಚಲನೆಯ ಮೂರು ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ಒಂದು ಅದ್ಭುತ ಕಥೆಯನ್ನೂ ಬರೆದಿದ್ದನೆಂಬುದು ಅನೇಕರಿಗೆ ತಿಳಿಯದು. ಚಂದ್ರನ ಮೇಲೆ ನಿಂತು ನೋಡಿದರೆ ಆಕಾಶ ಹೇಗೆ ಕಾಣುವುದೆಂಬುದನ್ನು ವಿವರಿಸಬೇಕೆಂದು ಅವನು ಒಂದು ಕನಸಿನ ಕಥೆಯನ್ನು ಕಟ್ಟಿದನು. ಅದರಲ್ಲಿ ನಾಯಕನ ತಾಯಿ ಮೂಲಿಕೆಗಳನ್ನು ಮಾರುವವಳು. ಅವಳು ಕರೆದಾಗ ಬರುವ ಒಂದು ಭೂತವೇ ಚಂದ್ರಲೋಕದ ವಿಷಯವನ್ನೆಲ್ಲ ತಿಳಿಸುತ್ತದೆ. ಹಸ್ತಪ್ರತಿಯು ಕೈಯಿಂದ ಕೈಗೆ ಹರಿದಾಡಿತು. 1615ರಲ್ಲಿ ಕೆಪ್ಲರನ ನಿಜವಾದ ತಾಯಿ, ಮೂಲಿಕೆಗಳ ಮದ್ದು ಬಲ್ಲ ಮುದುಕಿ, ಮಾಟಗಾತಿಯೆಂಬ ಆರೋಪಕ್ಕೆ ಗುರಿಯಾದಳು. 1620ರಲ್ಲಿ ಆಕೆಯನ್ನು ಸೆರೆಯಲ್ಲಿಟ್ಟರು. ಚಿತ್ರಹಿಂಸೆಯ ಸಾಧನಗಳನ್ನು ಎದುರಿಗಿಟ್ಟು ಬೆದರಿಸಿದರು. ಮಗನು ತನ್ನ ಕೆಲಸಗಳನ್ನು ಬದಿಗಿಟ್ಟು ವಾದಿಸಿದ ಮೇಲೆ 1621ರಲ್ಲಿ ಬಿಡುಗಡೆಯಾಗಿ, ಮರುವರ್ಷವೇ ತೀರಿಕೊಂಡಳು. ತನ್ನ ಕಥೆಯೇ ಈ ಆರೋಪಕ್ಕೆ ಕಿಡಿಯಾಯಿತೋ ಏನೋ ಎಂಬ ವ್ಯಥೆ ಕೆಪ್ಲರನನ್ನು ಬಿಡಲಿಲ್ಲ. ಆ ಕಥೆ ಅಚ್ಚಾದದ್ದು 1634ರಲ್ಲಿ, ಅವನು ಸತ್ತ ನಾಲ್ಕು ವರ್ಷಗಳ ಮೇಲೆ.

ಇಲ್ಲಿ ಅಪರಾಧಿ ಯಾರು? ಕಥೆಯನ್ನು ಕಥೆಯೆಂದು ಬರೆದವನೇ, ಅಥವಾ ಅದನ್ನು ಸಾಕ್ಷ್ಯವೆಂದು ಓದಿದವರೇ? ‘ಒಂದಾನೊಂದು ಊರಿನಲ್ಲಿ’ ಎಂಬ ಮಾತು ಹೇಳುವವನಿಗೂ ಕೇಳುವವನಿಗೂ ನಡುವೆ ಆಗುವ ಒಂದು ಒಪ್ಪಂದ: ಇದು ನಡೆದದ್ದಲ್ಲ, ಆದರೂ ಕೇಳು. ಈ ಒಪ್ಪಂದದಲ್ಲಿ ಮೋಸವಿಲ್ಲ. ಮೋಸವಿರುವುದು ಒಪ್ಪಂದವನ್ನು ಮುರಿದು, ಇದು ನಡೆದದ್ದೇ, ಪರೀಕ್ಷಿಸಕೂಡದು, ಹಣ ಕೊಡು ಎನ್ನುವವನಲ್ಲಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾಕ್ಟರ್ ಎಚ್. ನರಸಿಂಹಯ್ಯನವರು ಒಂದು ಸಮಿತಿಯನ್ನು ರಚಿಸಿದ್ದು ಪವಾಡಗಳೆಂದು ಹೇಳಿಕೊಳ್ಳುವುದನ್ನು ಪರೀಕ್ಷಿಸುವುದಕ್ಕೇ ಹೊರತು ಕಥೆಪುಸ್ತಕಗಳನ್ನು ಪರೀಕ್ಷಿಸುವುದಕ್ಕಲ್ಲ. ಕರ್ನಾಟಕದ ಶಾಸನಸಭೆಯು 2017ರಲ್ಲಿ ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು ಕಾಯಿದೆಯನ್ನು ಮಾಡಬೇಕಾಗಿ ಬಂದದ್ದೂ ಇಂತಹ ಮೋಸದಿಂದಲೇ. ಹೀಗಿರಲು, ಮಾಟಮಂತ್ರದ ಹೆಸರಿನಲ್ಲಿ ಹಣ ಕೀಳುವವನ ಮೇಲೆ ತೋರಿಸಬೇಕಾದ ಸಿಟ್ಟನ್ನು ಪುಸ್ತಕದೊಳಗಿನ ಬಡ ಮಾಟಗಾರನ ಮೇಲೆ ತೋರಿಸಿದರೆ ನಮ್ಮ ಹೋರಾಟ ಸುಲಭವಾದೀತು, ಸಾರ್ಥಕವಾಗಲಾರದು. ಅಷ್ಟೇ ಅಲ್ಲ, ಕಥೆಯೆಂದರೇನು ಎಂಬುದನ್ನು ಚಿಕ್ಕಂದಿನಲ್ಲಿ ಓದಿ ಬಲ್ಲವನು, ದೊಡ್ಡವನಾದ ಮೇಲೆ ಯಾರಾದರೂ ಕಥೆಯನ್ನು ಸತ್ಯವೆಂದು ಮಾರಲು ಬಂದರೆ ಬೇಗನೆ ಗುರುತು ಹಿಡಿದಾನೆಂಬುದು ನಮ್ಮ ನಂಬಿಕೆ.

ಎಲ್ಲ ಅದ್ಭುತ ಕಾದಂಬರಿಗಳೂ ಒಳ್ಳೆಯವೆಂದು ಇದರ ಅರ್ಥವಲ್ಲ. ನಾಯಕನು ಸಿಕ್ಕಿಬಿದ್ದಾಗಲೆಲ್ಲ ಹೊಸದೊಂದು ಮಂತ್ರವನ್ನು ಹುಟ್ಟಿಸುವ, ಒಂದು ಸಂಪುಟದಲ್ಲಿ ಮುಗಿಯಬಹುದಾದದ್ದನ್ನು ಎಂಟಕ್ಕೆ ಎಳೆಯುವ ಪುಸ್ತಕಗಳು ಹೇರಳವಾಗಿವೆ. ಇನ್ನೂ ಕೆಟ್ಟದ್ದು, ಯೋಗ್ಯತೆಯೆಲ್ಲ ರಕ್ತದಲ್ಲಿಯೇ ಬರುವುದೆಂದು, ಅರಸನ ವಂಶದಲ್ಲಿ ಹುಟ್ಟಿದವನೇ ಲೋಕವನ್ನು ಕಾಯಬಲ್ಲನೆಂದು ಸದ್ದಿಲ್ಲದೆ ಕಲಿಸುವ ಕಥೆಗಳು. ಹುಟ್ಟಿನಿಂದ ಮೇಲುಕೀಳನ್ನು ಎಣಿಸಿ ಬಳಲಿದ ನಾಡಿಗೆ ಇಂತಹ ಬೋಧೆ ಬೇಡ. 1997ರಿಂದ 2007ರವರೆಗೆ ಏಳು ಸಂಪುಟಗಳಾಗಿ ಬಂದ ‘ಹ್ಯಾರಿ ಪಾಟರ್’ ಕಥೆಯಲ್ಲಿ ರಕ್ತದ ಶುದ್ಧಿಯನ್ನು ಹೊಗಳುವವರು ದುಷ್ಟರ ಪಕ್ಷದಲ್ಲಿದ್ದಾರೆಂಬುದನ್ನು ಆ ಪುಸ್ತಕವನ್ನು ಓದದೆಯೇ ಹೊಡೆದುಹಾಕಿದ ನಾವು ಆಮೇಲೆ ತಿಳಿದುಕೊಂಡೆವು. ನಿಷೇಧಿಸುವ ಮೊದಲು ಓದುವುದೂ ವೈಜ್ಞಾನಿಕ ದೃಷ್ಟಿಯ ಒಂದು ಭಾಗವೇ.

ಕೊನೆಯದಾಗಿ ನಮ್ಮ ಸೀಮೆಯ ಮಾತು. ಇಂಗ್ಲಿಷಿನಲ್ಲಿ ‘ಸೀರೀಸ್’ ಎನ್ನುವುದಕ್ಕೆ ಇಲ್ಲಿ ಬಹು ಹಿಂದಿನಿಂದ ಒಂದು ಹೆಸರುಂಟು: ‘ಸಾಲು’. ಮಲೆಯ ಮಾದೇಶ್ವರನ ಮಹಾಕಾವ್ಯವನ್ನು ಕಂಸಾಳೆಯ ದೇವರಗುಡ್ಡರೂ, ಮಂಟೇಸ್ವಾಮಿಯ ಕಾವ್ಯವನ್ನು ತಂಬೂರಿಯ ನೀಲಗಾರರೂ ಸಾಲು ಸಾಲಾಗಿ ಇರುಳೆಲ್ಲ ಹಾಡುತ್ತಾರೆ. ಸಂಕಮ್ಮನ ಸಾಲಿನಲ್ಲಿ ಗಂಡನ ಸಂದೇಹಕ್ಕೆ ಸಿಕ್ಕಿ ಕಾಡಿನಲ್ಲಿ ನರಳುವ ಹೆಂಗಸಿದ್ದಾಳೆ. ಸಿದ್ಧಪ್ಪಾಜಿಯ ಸಾಲಿನಲ್ಲಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಕೇಳಲು ಹೋಗಿ ಒಂದಾದ ಮೇಲೊಂದು ಪರೀಕ್ಷೆಯನ್ನು ಎದುರಿಸುವ ಶಿಷ್ಯನಿದ್ದಾನೆ. ಒಕ್ಕಲಿನವರಿಗೆ ಇವು ಭಕ್ತಿಯ ವಿಷಯ; ಅದನ್ನು ನಾವು ಗೌರವಿಸುತ್ತೇವೆ. ಆದರೆ ಹುಲಿಯನ್ನೇರಿದ ಮಾದಪ್ಪನ ಪದವನ್ನು ಇರುಳೆಲ್ಲ ಕೇಳಿದ ರೈತನು ಬೆಳಗ್ಗೆ ಹೊಲದಲ್ಲಿ ಹುಲಿಯ ಹೆಜ್ಜೆ ಕಂಡರೆ ಏರಲು ಹೋಗುವುದಿಲ್ಲ, ಅರಣ್ಯ ಇಲಾಖೆಗೆ ಸುದ್ದಿ ಕೊಡುತ್ತಾನೆ. ಪದದ ಹುಲಿ ಯಾವುದು, ಹೊಲದ ಹುಲಿ ಯಾವುದು ಎಂಬ ವಿವೇಕವನ್ನು ಅವನಿಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ. ವಿವೇಕವಿಲ್ಲವೆಂದು ಭಾವಿಸಿದ್ದು ನಮ್ಮದೇ ಅವಿವೇಕ.

ಪಿ.ಕೆ. ರಾಜಶೇಖರ ಅವರಂತಹ ವಿದ್ವಾಂಸರು ಶ್ರಮಪಟ್ಟು ಈ ಕಾವ್ಯಗಳನ್ನು ಬರಹಕ್ಕಿಳಿಸಿದ್ದಾರೆ. ಆದರೆ ಆ ದೊಡ್ಡ ಗ್ರಂಥಗಳು ವಿದ್ವಾಂಸರ ಕಪಾಟಿನಲ್ಲಿವೆ. ಹನ್ನೆರಡು ವರ್ಷದ ಹುಡುಗಿಯ ಕೈಗೆ ಬರುವ ಗಾತ್ರದಲ್ಲಿ, ಅವಳು ಮುಂದಿನ ಸಾಲಿಗಾಗಿ ಕಾಯುವಂತೆ, ಒಂದೊಂದು ಸಾಲನ್ನು ಒಂದೊಂದು ಪುಸ್ತಕವಾಗಿ ಸರಳ ಗದ್ಯದಲ್ಲಿ ಬರೆದುಕೊಡುವವರು ಬೇಕು. ಅವುಗಳ ಪಕ್ಕದಲ್ಲಿಯೇ ವಿಜ್ಞಾನದ ಪುಸ್ತಕವನ್ನೂ ಇಡೋಣ. ಸಿದ್ಧಪ್ಪಾಜಿಯ ಸಾಲನ್ನು ಓದಿದವಳು, ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕಾಗಿರುವಾಗ ಅಷ್ಟು ಬಿಸಿಯಾಗದ ಹಳೆಯ ಇದ್ದಲು ಕುಲುಮೆಯಿಂದ ಕಬ್ಬಿಣ ಹೇಗೆ ಬಂದಿತೆಂದು ತಾನಾಗಿಯೇ ಕೇಳಲಿ. ಅದು ಕರಗಿ ಹರಿಯದೆ ಮೆತ್ತನೆಯ ಮುದ್ದೆಯಾಗಿ ದೊರೆಯುತ್ತಿತ್ತೆಂದೂ, ಬಡಿದು ಬಡಿದು ಕಿಟ್ಟವನ್ನು ತೆಗೆಯುತ್ತಿದ್ದರೆಂದೂ ಆಗ ನಾವು ಹೇಳಬಹುದು.

ಆ ಕನ್ನಡ ಅಧ್ಯಾಪಕರಿಗೆ ನಾವು ಈಚೆಗೆ ಪತ್ರ ಬರೆದು, ಕೆಂಪು ಗೆರೆಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಪುಸ್ತಕಗಳನ್ನು ತರಿಸಲಿ. ‘ಕುಸುಮಬಾಲೆ’ ಮೇಲಿನ ತರಗತಿಯವರಿಗೆ ಇರಲಿ. ಜ್ಯೋತಿಗಳು ಹನುಮಂತನ ಗುಡಿಯಲ್ಲಿ ಕೂಡುವ ಕಥೆಯನ್ನು ಚಿಕ್ಕವರಿಗೆ ಅಧ್ಯಾಪಕರೇ ಹೇಳಲಿ. ಮರುದಿನ ವಿಜ್ಞಾನದ ಪಾಠದಲ್ಲಿ ಒಂದು ಮೇಣದಬತ್ತಿಯನ್ನು ಹಚ್ಚಿ, ಆರಿಸಿ, ಹೊಗೆಗೆ ಕಡ್ಡಿ ತೋರಿಸಲು ನಾವೇ ಬರುತ್ತೇವೆಂದು ಮಾತು ಕೊಟ್ಟಿದ್ದೇವೆ.